ಕಿಲೋಮೀಟರಿಗೆ ಎಷ್ಟು ಬಿತ್ತು?

ಬೇಲೂರು ತಾಲೂಕಿನ ಮಾದಿಹಳ್ಳಿ ಹೋಬಳಿಯ ಕಡೆ ಕಾರು ಕೊಳ್ಳುವ ಮಾತು ಸಾಮಾನ್ಯವಾಗಿ ಬೆಳೆಯ ದುಡ್ಡು ಕೈಗೆ ಬಂದ ಮೇಲೆ ಶುರುವಾಗುತ್ತದೆ. ಶುಂಠಿಗೆ ರೇಟು ಸಿಕ್ಕ ವರ್ಷ, ಆಲೂಗಡ್ಡೆ ಅಂಗಮಾರಿಗೆ ಸಿಕ್ಕದೆ ಉಳಿದ ವರ್ಷ ಮನೆಮನೆಯಲ್ಲೂ ಈ ಚರ್ಚೆ. ಓಡಾಟ ಬೇಲೂರು, ಹಳೇಬೀಡು, ಜಾವಗಲ್, ಅರಸೀಕೆರೆ, ಆಸ್ಪತ್ರೆಗೆ ಹಾಸನ, ವರ್ಷಕ್ಕೊಮ್ಮೆ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳ. ಇಲ್ಲಿ ಮಾತಾಡುವ ಇಬ್ಬರಿಗೂ ಹೆಸರಿಲ್ಲ. ಒಬ್ಬರು ಊರಲ್ಲೇ ಬೇಸಾಯ ಮಾಡಿಕೊಂಡಿರುವ ಹಿರಿಯರು. ಇನ್ನೊಬ್ಬ ಬೆಂಗಳೂರಿನಲ್ಲಿ ಕೆಲಸಕ್ಕಿದ್ದು, ಊರಿನ ಮನೆಗೊಂದು ಕಾರು ತರಬೇಕೆಂದಿರುವ ಅವರ ತಮ್ಮನ ಮಗ. ಎಂಟು ಲಕ್ಷದೊಳಗೆ ಮುಗಿಸಬೇಕು, ಗಾಡಿ ವರ್ಷಕ್ಕೆ 8,000 ಕಿ.ಮೀ. ಓಡಬಹುದು ಎಂಬಷ್ಟರಲ್ಲಿ ಇಬ್ಬರಿಗೂ ಒಪ್ಪಿಗೆಯಿದೆ. ಅಲ್ಲಿಂದ ಮುಂದೆ ಇಲ್ಲ.

ಕಿರಿಯ: ದೊಡ್ಡಪ್ಪ, ಯಾವ ಗಾಡಿ ಜಾಸ್ತಿ ಮೈಲೇಜ್ ಕೊಡುತ್ತೆ ಅಂತ ಮೊದಲು ಪಟ್ಟಿ ಮಾಡಿಕೊಳ್ಳೋಣ. ಪೆಟ್ರೋಲ್ ನೂರು ದಾಟಿ ಕೂತಿದೆ. ಊರಲ್ಲಿ ಯಾರನ್ನ ಕೇಳಿದರೂ ಮೊದಲ ಮಾತೇ ‘ಎಷ್ಟು ಕೊಡುತ್ತೆ?’ ಅನ್ನೋದು. ಇಷ್ಟು ಜನ ಕೇಳ್ತಾರೆ ಅಂದರೆ ಅದು ಸುಮ್ಮನೆ ಹುಟ್ಟಿದ ಪ್ರಶ್ನೆ ಅಲ್ಲ.

ಹಿರಿಯರು: ಸುಮ್ಮನೆ ಹುಟ್ಟಿದ್ದಲ್ಲ ಕಣಪ್ಪ, ಆದರೆ ಅದು ದಿನಾ ಬಾಡಿಗೆ ಹೊಡೆಯೋನ ಪ್ರಶ್ನೆ. ನಮ್ಮದಲ್ಲ. ಲೆಕ್ಕ ಹಾಕು. ಒಂದು ಗಾಡಿ ಲೀಟರಿಗೆ 16 ಕಿ.ಮೀ. ಓಡುತ್ತೆ, ಇನ್ನೊಂದು 18. ಪೆಟ್ರೋಲ್ 103 ರೂಪಾಯಿ ಅಂತಿಟ್ಟುಕೊ. ಮೊದಲನೇದಕ್ಕೆ ಕಿಲೋಮೀಟರಿಗೆ 6 ರೂಪಾಯಿ 44 ಪೈಸೆ, ಎರಡನೇದಕ್ಕೆ 5 ರೂಪಾಯಿ 72 ಪೈಸೆ. ವ್ಯತ್ಯಾಸ 72 ಪೈಸೆ. ವರ್ಷಕ್ಕೆ ಎಂಟು ಸಾವಿರ ಕಿಲೋಮೀಟರಿಗೆ ಅದು 5,760 ರೂಪಾಯಿ ಆಯ್ತು. ಆ ಎರಡು ಕಿಲೋಮೀಟರಿನ ಆಸೆಗೆ ಒಂದು ಲಕ್ಷ ಜಾಸ್ತಿ ಕೊಟ್ಟು ದುಬಾರಿ ಗಾಡಿ ತಂದರೆ, ಆ ಲಕ್ಷ ವಾಪಸ್ ಬರೋಕೆ ಹದಿನೇಳು ವರ್ಷ ಬೇಕು. ಅಷ್ಟರಲ್ಲಿ ಆರ್‌ಸಿಯ ಹದಿನೈದು ವರ್ಷವೇ ಮುಗಿದಿರುತ್ತೆ. ಕಡಿಮೆ ಓಡೋ ಗಾಡಿಗೆ ದುಡ್ಡು ಹೋಗೋದು ಟ್ಯಾಂಕಿನಿಂದ ಅಲ್ಲ. ನಿಂತಲ್ಲೇ ಬೆಲೆ ಇಳಿದು ಹೋಗುತ್ತೆ. ಅದು ಯಾರ ಕಣ್ಣಿಗೂ ಕಾಣಲ್ಲ, ಅದಕ್ಕೇ ಯಾರೂ ಲೆಕ್ಕಕ್ಕೆ ಹಿಡಿಯಲ್ಲ.

ಕಿರಿಯ: ಹಾಗಾದರೆ ನಿಮ್ಮ ಲೆಕ್ಕ ಯಾವುದು, ಹೇಳಿ.

ಹಿರಿಯರು: ಕೊಂಡ ಬೆಲೆಯಲ್ಲಿ ಮಾರಿದ ಬೆಲೆ ಕಳೆ. ಉಳಿದದ್ದಕ್ಕೆ ಪೆಟ್ರೋಲು, ಇನ್ಶೂರೆನ್ಸು, ಸರ್ವಿಸು, ಟೈರು ಸೇರಿಸು. ಓಡಿದ ಕಿಲೋಮೀಟರಿನಿಂದ ಭಾಗಿಸು. ಅಂದಾಜಿಗೆ ಹೇಳ್ತೀನಿ: ಹೊಸ ಗಾಡಿ ರೋಡಿಗೆ ಬರೋ ಹೊತ್ತಿಗೆ 7.75 ಲಕ್ಷ ಆಯ್ತು, ಐದು ವರ್ಷ ಬಿಟ್ಟು 4 ಲಕ್ಷಕ್ಕೆ ಹೋಯ್ತು ಅಂದುಕೊ. 40,000 ಕಿ.ಮೀ. ಓಡಿದ್ದಕ್ಕೆ ಬೆಲೆ ಇಳಿದದ್ದೇ ಕಿಲೋಮೀಟರಿಗೆ 9 ರೂಪಾಯಿ 40 ಪೈಸೆ. ಪೆಟ್ರೋಲು 6 ರೂಪಾಯಿ 44. ಉಳಿದ ಖರ್ಚು ವರ್ಷಕ್ಕೆ ಇಪ್ಪತ್ತು ಸಾವಿರ ಹಿಡಿದರೆ ಎರಡೂವರೆ ರೂಪಾಯಿ. ಒಟ್ಟು ಹದಿನೆಂಟು ರೂಪಾಯಿ ಮೇಲಾಯ್ತು. ಅದೇ ಮೂರು ವರ್ಷದ ಹಳೇ ಗಾಡಿಯನ್ನ 5 ಲಕ್ಷಕ್ಕೆ ತಂದು, ಐದು ವರ್ಷ ಓಡಿಸಿ 2.6 ಲಕ್ಷಕ್ಕೆ ಮಾರಿದರೆ ಬೆಲೆ ಇಳಿತ ಆರು ರೂಪಾಯಿ. ರಿಪೇರಿ ಜಾಸ್ತಿ ಅಂತ ಉಳಿದ ಖರ್ಚನ್ನ ಮೂರೂವರೆ ಮಾಡು. ಹದಿನಾರಕ್ಕೆ ಬಂತು. ಹೆಸರಿಗೆ ಬೆಲೆ ಎಂಟು ಲಕ್ಷ, ಐದು ಲಕ್ಷ ಅಂತೀವಿ. ನಿಜವಾದ ಬೆಲೆ ಕಿಲೋಮೀಟರಿಗೆ ಎಷ್ಟು ಬಿತ್ತು ಅನ್ನೋದು.

ಕಿರಿಯ: ನಿಮ್ಮ ಲೆಕ್ಕ ನಿಮ್ಮ ಕಡೆಗೇ ಪೂರ್ತಿ ವಾಲ್ತಿಲ್ಲ, ನೋಡಿ. ಎರಡೂ ಕಾಲು, ಎರಡೂವರೆ ರೂಪಾಯಿ ವ್ಯತ್ಯಾಸ ಅಂದರೆ ಐದು ವರ್ಷಕ್ಕೆ ಒಂದು ಲಕ್ಷದೊಳಗೆ. ಆ ದುಡ್ಡಿಗೆ ಹೊಸ ಗಾಡಿಯಲ್ಲಿ ಏನು ಸಿಗುತ್ತೆ ಅಂತಲೂ ನೋಡಬೇಕು. ಮಾರುತಿಯವರು 2024ರ ಜುಲೈನಿಂದ 3 ವರ್ಷ, 1 ಲಕ್ಷ ಕಿ.ಮೀ. ವಾರಂಟಿ ಕೊಡ್ತಿದಾರೆ. ಹ್ಯುಂಡೈನವರದ್ದೂ ಮೂರು ವರ್ಷ. ಜತೆಗೆ 2025ರ ಸೆಪ್ಟೆಂಬರ್ 22ರಿಂದ ಚಿಕ್ಕ ಪೆಟ್ರೋಲ್ ಕಾರಿನ ಜಿಎಸ್‌ಟಿ, ಸೆಸ್ಸೂ ಸೇರಿ 29% ಇದ್ದದ್ದು 18% ಆಯ್ತು. ಶೋರೂಮಿನಲ್ಲಿ 7 ಲಕ್ಷ ಇದ್ದ ಗಾಡಿ ಆ ಲೆಕ್ಕದಲ್ಲಿ 6.40 ಲಕ್ಷಕ್ಕೆ ಬರಬೇಕು. ಅದರ ಮೇಲಿನ ರೋಡ್ ಟ್ಯಾಕ್ಸೂ ಅದಕ್ಕೆ ತಕ್ಕಷ್ಟು ಇಳಿಯಿತು. ಎರಡೂ ಸೇರಿ ಅರವತ್ತೊಂಬತ್ತು ಸಾವಿರ. ಮಾರೋನು ಮಾತ್ರ ತಾನು ಅವತ್ತು ಕೊಟ್ಟ ಬೆಲೆಯನ್ನೇ ಹಿಡಿದುಕೊಂಡು ‘ಅಷ್ಟೊಂದು ಹಾಕಿದೀನಿ ಸಾರ್’ ಅಂತಾನೆ. ಹೊಸದಕ್ಕೂ ಎರಡು ವರ್ಷದ ಹಳೇದಕ್ಕೂ ಅಂತರವೇ ಕಮ್ಮಿಯಾದಾಗ ಹಳೇದು ಯಾಕೆ ಬೇಕು?

ಹಿರಿಯರು: ಅವನು ಅವತ್ತು ಎಷ್ಟು ಕೊಟ್ಟ ಅನ್ನೋದು ಅವನ ಪುರಾಣ. ಇವತ್ತು ಹೊಸದು ಎಷ್ಟಕ್ಕೆ ಸಿಗುತ್ತೆ, ಅಲ್ಲಿಂದ ಚೌಕಾಸಿ ಶುರು ಮಾಡಬೇಕು. ಇನ್ಶೂರೆನ್ಸ್‌ನವರ ಹತ್ತಿರ ಇಡೀ ದೇಶಕ್ಕೆ ಒಂದು ಕೋಷ್ಟಕ ಇದೆ. ಐಡಿವಿ, ಅಂದರೆ ವಿಮೆಗೆ ಗಾಡಿಯ ಬೆಲೆ, ಕಟ್ಟೋಕೆ ಹೊಸ ಬೆಲೆಯಲ್ಲಿ ಒಂದು ವರ್ಷ ದಾಟಿದ ಗಾಡಿಗೆ 20%, ಎರಡು ದಾಟಿದ್ದಕ್ಕೆ 30%, ಮೂರು ದಾಟಿದ್ದಕ್ಕೆ 40%, ನಾಲ್ಕು ದಾಟಿದ್ದಕ್ಕೆ 50% ಕಳೀತಾರೆ. ಓಡುವ ಗಾಡಿಗೆ ಪೇಟೆಯಲ್ಲಿ ಅದಕ್ಕಿಂತ ಜಾಸ್ತಿ ಕೇಳ್ತಾರೆ, ನಿಜ. ಆದರೂ ಮಾತಿಗೆ ಕೂತಾಗ ಕೈಯಲ್ಲಿ ಒಂದು ಅಂಕಿ ಇರುತ್ತೆ. ಇನ್ನೊಂದು ವಿಚಾರ ಕರ್ನಾಟಕದ್ದು. ಇಲ್ಲಿ ಖಾಸಗಿ ಕಾರಿಗೆ ಆಜೀವ ತೆರಿಗೆ ಒಂದೇ ಸಲ ಕಟ್ಟಬೇಕು. ಐದರಿಂದ ಹತ್ತು ಲಕ್ಷದ ಗಾಡಿಗೆ 14%, ಆ ತೆರಿಗೆ ಮೇಲೆ 11% ಸೆಸ್. 6.40 ಲಕ್ಷದ ಗಾಡಿಗೆ ಹತ್ತಿರ ಹತ್ತಿರ ಒಂದು ಲಕ್ಷ. ಅದನ್ನ ಮೊದಲನೇ ಯಜಮಾನ ಕಟ್ಟಿರ್ತಾನೆ, ಎರಡನೆಯವನು ಮತ್ತೆ ಕಟ್ಟಬೇಕಾಗಿಲ್ಲ. ತೆರಿಗೆ ಇಷ್ಟು ಭಾರ ಇರೋ ರಾಜ್ಯದಲ್ಲಿ ಎರಡನೇ ಯಜಮಾನನಾಗೋದೇ ಲಾಭ. ಆದರೆ ಕೆಎ ನಂಬರಿನದ್ದೇ ಆಗಬೇಕು. ದಿಲ್ಲಿಯಲ್ಲಿ ಹತ್ತು ವರ್ಷದ ಡೀಸೆಲ್, ಹದಿನೈದು ವರ್ಷದ ಪೆಟ್ರೋಲ್ ಗಾಡಿಗೆ ಕಟ್ಟುಪಾಡು ಬಂದ ಮೇಲೆ ಅಲ್ಲಿನ ಗಾಡಿಗಳು ಅಗ್ಗಕ್ಕೆ ಹೊರಗೆ ಬರ್ತಿವೆ. ತಂದ ಮೇಲೆ ಎನ್‌ಒಸಿ, ಇಲ್ಲಿನ ತೆರಿಗೆ, ನಂಬರ್ ಬದಲಾವಣೆ ಅಂತ ಓಡಾಡಿ ಅಗ್ಗ ಕರಗಿ ಹೋಗುತ್ತೆ.

ಕಿರಿಯ: ಕಾಗದದ ಮೇಲೆ ಎಲ್ಲ ಚೆಂದ. ಮೀಟರು ತಿರುಗಿಸಿರ್ತಾರೆ, ಗುದ್ದಿದ ಗಾಡಿಗೆ ಪೇಂಟ್ ಹೊಡೆದಿರ್ತಾರೆ, ನೀರಲ್ಲಿ ಮುಳುಗಿದ್ದನ್ನ ಪಾಲಿಶ್ ಮಾಡಿ ನಿಲ್ಲಿಸಿರ್ತಾರೆ. ಸಾಲಕ್ಕೆ ಹೋದರೆ ಹಳೇ ಗಾಡಿಗೆ ಬಡ್ಡಿಯೂ ಜಾಸ್ತಿ. ಹೊಸದರಲ್ಲಿ ಏನಾದರೂ ಆದರೆ ಕೇಳೋಕೆ ಕಂಪನಿ ಇದೆ. ಇಲ್ಲಿ ಯಾರನ್ನ ಕೇಳಲಿ?

ಹಿರಿಯರು: ಗಾಡಿಯನ್ನೇ ಕೇಳಬೇಕು. ಜಾತ್ರೆಯಲ್ಲಿ ಎತ್ತು ಕೊಳ್ಳೋನು ಮಾರೋನ ಮಾತು ಕೇಳಲ್ಲ, ಬಾಯಿ ಬಿಡಿಸಿ ಹಲ್ಲು ನೋಡ್ತಾನೆ. ಬೆಳಿಗ್ಗೆ ಹೋಗು, ಬಾನೆಟ್ ಮೇಲೆ ಕೈ ಇಡು. ಬಿಸಿ ಇದ್ದರೆ ನೀನು ಬರೋದಕ್ಕೆ ಮುಂಚೆ ಸ್ಟಾರ್ಟ್ ಮಾಡಿ ಇಟ್ಟಿದಾರೆ ಅಂತ. ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ ಹಿಂದೆ ಹೊಗೆ ನೋಡಬೇಕು. ಆಯಿಲ್ ಹಾಕೋ ಮುಚ್ಚಳ ಬಿಚ್ಚು, ಒಳಮೈಗೆ ನಸುಗಂದು ನೊರೆ ಮೆತ್ತಿದ್ದರೆ ಆಯಿಲಿಗೆ ನೀರು ಸೇರಿರಬಹುದು. ಸೀಟ್ ಬೆಲ್ಟ್ ಪೂರ್ತಿ ಎಳೆ, ಒಳಗೆ ಸುತ್ತಿಕೊಂಡಿರೋ ಕೊನೇ ಅಡಿಯಲ್ಲಿ ಮಣ್ಣಿನ ಕಲೆ ಇದ್ದರೆ ಗಾಡಿ ನೀರು ಕಂಡಿದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರ್ತಾರೆ. 2323 ಅಂದರೆ 2023ರ ಇಪ್ಪತ್ತಮೂರನೇ ವಾರ ತಯಾರಾದದ್ದು. ಮೀಟರಿನಲ್ಲಿ ಇಪ್ಪತ್ತು ಸಾವಿರ ಅಂತಿದ್ದು ನಾಲ್ಕೂ ಟೈರು ಬದಲಾಗಿದ್ದರೆ, ಕ್ಲಚ್ ಪೆಡಲಿನ ರಬ್ಬರ್ ಸವೆದು ನುಣ್ಣಗಾಗಿದ್ದರೆ ಆ ಮೀಟರು ನಂಬಬೇಡ. ಬಾನೆಟ್, ಬಾಗಿಲಿನ ಬೋಲ್ಟುಗಳ ತಲೆಯಲ್ಲಿ ಸ್ಪ್ಯಾನರ್ ಗುರುತು ಇದೆಯಾ ನೋಡು. ಕೀ ತಿರುಗಿಸಿದಾಗ ಏರ್‌ಬ್ಯಾಗ್ ದೀಪ ಹತ್ತಿ ಆರಬೇಕು. ಹತ್ತದೇ ಇದ್ದರೆ ಅದನ್ನ ಕಿತ್ತಿರಬಹುದು. ಆಮೇಲೆ ಕಂಪನಿ ಸರ್ವಿಸ್ ಸೆಂಟರಿನಲ್ಲಿ ಸರ್ವಿಸ್ ದಾಖಲೆ ತೆಗೆಸು. ಇಷ್ಟೆಲ್ಲಾ ಮಾಡೋಕೆ ಅರ್ಧ ದಿನ, ಒಬ್ಬ ಮೆಕ್ಯಾನಿಕ್ಕಿನ ಕೂಲಿ. ಒಂದು ಲಕ್ಷ ಉಳಿಸೋಕೆ ಅಷ್ಟು ಮಾಡಬಾರದಾ?

ಕಿರಿಯ: ಇಷ್ಟು ನೋಡುವಷ್ಟು ತಾಳ್ಮೆ ಎಷ್ಟು ಜನಕ್ಕಿದೆ ದೊಡ್ಡಪ್ಪ? ನಿಮಗಿದೆ ಅಂತಲೇ ಇಟ್ಟುಕೊಳ್ಳೋಣ. ಆದರೂ ‘ಹಳೇದು’ ಅನ್ನೋ ನಿಮ್ಮ ಮಾತಿಗೆ ಒಂದು ಗೆರೆ ಬೇಕು. ಎಲ್ಲಾ ಕಾರಿಗೂ ಎಬಿಎಸ್ ಬ್ರೇಕು ಕಡ್ಡಾಯವಾದದ್ದು 2019ರ ಏಪ್ರಿಲ್‌ನಿಂದ. ಡ್ರೈವರ್ ಕಡೆ ಏರ್‌ಬ್ಯಾಗ್ ಆ ವರ್ಷದ ಜುಲೈನಿಂದ. ಮುಂದೆ ಕೂರೋ ಇಬ್ಬರಿಗೂ ಏರ್‌ಬ್ಯಾಗ್ ಅಂತ ಆದದ್ದು 2022ಕ್ಕೆ. ಪೆಟ್ರೋಲಿನದ್ದೂ ಒಂದಿದೆ: ಈಗ ಬಂಕಿನಲ್ಲಿ ಸಿಗೋದು 20% ಎಥನಾಲ್ ಬೆರೆಸಿದ್ದು. ಅದಕ್ಕೆ ತಾಳುವ ರಬ್ಬರು, ಪೈಪು ಹಾಕಿದ ಗಾಡಿಗಳು ಸಾಮಾನ್ಯವಾಗಿ 2023ರ ಏಪ್ರಿಲ್ ನಂತರದವು. 2016ರ ಗಾಡಿ ಎರಡೂವರೆ ಲಕ್ಷಕ್ಕೆ ಸಿಕ್ಕಿತು ಅಂತ ತಂದರೆ, ಕಿಲೋಮೀಟರಿಗೆ ಎಷ್ಟು ಬಿತ್ತು ಅನ್ನೋ ನಿಮ್ಮ ಲೆಕ್ಕದಲ್ಲಿ ಅದೇ ಗೆಲ್ಲುತ್ತೆ. ಜೀವದ ಲೆಕ್ಕದಲ್ಲಿ ಸೋಲುತ್ತೆ.

ಹಿರಿಯರು: ಇದನ್ನ ಒಪ್ಪಲೇಬೇಕು. ಗೆರೆಯನ್ನ 2023ರ ಏಪ್ರಿಲ್‌ಗೇ ಹಾಕೋಣ. ಅದಕ್ಕಿಂತ ಹಿಂದಿನದು ಎಷ್ಟು ಅಗ್ಗವಾದರೂ ಬೇಡ.

ಕಿರಿಯ: ಹಾಗಾದರೆ ನಂಬಿಕೆಯ ಮಾತಿಗೆ ಬನ್ನಿ. ಯಾವ ಕಂಪನಿ ಗಾಡಿ ಕೈ ಕೊಡಲ್ಲ?

ಹಿರಿಯರು: ಕೈ ಕೊಡದ ಯಂತ್ರ ಇಲ್ಲ. ಕೈ ಕೊಟ್ಟಾಗ ಎಷ್ಟು ದೂರ, ಎಷ್ಟು ದಿನ, ಎಷ್ಟು ದುಡ್ಡು ಅನ್ನೋದೇ ನಂಬಿಕೆ. ಇದಕ್ಕೆ ಒಂದು ಒಳ್ಳೇ ಸಾಕ್ಷಿ ಇದೆ. ಫಿಯೆಟ್‌ನವರ 1.3 ಲೀಟರ್ ಮಲ್ಟಿಜೆಟ್ ಡೀಸೆಲ್ ಎಂಜಿನ್ ಈ ದೇಶದಲ್ಲಿ ಮಾರುತಿ ಸ್ವಿಫ್ಟ್‌ನಲ್ಲೂ ಇತ್ತು, ಟಾಟಾ ಇಂಡಿಕಾ ವಿಸ್ಟಾದಲ್ಲೂ ಇತ್ತು, ಫಿಯೆಟ್‌ನವರದೇ ಪುಂಟೋದಲ್ಲೂ ಇತ್ತು. ಮೂಲ ಎಂಜಿನ್ ಒಂದೇ. ಸ್ವಿಫ್ಟ್ ಹಳ್ಳಿಹಳ್ಳಿಗೂ ಬಂತು. ಪುಂಟೋ ಗಟ್ಟಿ ಗಾಡಿ ಅಂತ ಹೊಗಳಿಸಿಕೊಂಡೂ ಮೂಲೆ ಸೇರಿತು, ಆಮೇಲೆ ಕಂಪನಿಯ ಕಾರು ವ್ಯಾಪಾರವೇ ಇಲ್ಲಿ ನಿಂತಿತು. ಎಂಜಿನ್ ಒಂದೇ ಆಗಿದ್ದು ಹಣೆಬರಹ ಬೇರೆ ಯಾಕಾಯ್ತು? ಸರ್ವಿಸ್ ಸೆಂಟರು, ಬಿಡಿಭಾಗ, ಗೊತ್ತಿರೋ ಮೆಕ್ಯಾನಿಕ್ಕು. ಷೆವರ್ಲೆ ಮಾರ್ತಿದ್ದ ಜನರಲ್ ಮೋಟಾರ್ಸ್ 2017ರಲ್ಲಿ ಇಲ್ಲಿ ಮಾರಾಟ ನಿಲ್ಲಿಸಿತು. ಫೋರ್ಡ್ 2021ರ ಸೆಪ್ಟೆಂಬರಿನಲ್ಲಿ ಕಾರು ತಯಾರಿಕೆ ನಿಲ್ಲಿಸ್ತೀವಿ ಅಂತ ಹೇಳಿತು. ಡಾಟ್ಸನ್ 2022ರಲ್ಲಿ ಹೋಯ್ತು. ಅವರ ಗಾಡಿ ಕೆಟ್ಟದ್ದಾಗಿರಲಿಲ್ಲ. ಆದರೆ ಕಂಪನಿ ಹೋದ ದಿನವೇ ಕೊಂಡವರ ಗಾಡಿಯ ಬೆಲೆ ಬಿತ್ತು. ಹಾಸನಕ್ಕೆ ಹೋಗಿ ಬರೋಕೆ ಅರ್ಧ ದಿನ ಬೇಕಾದ ನಮಗೆ ಬೇಲೂರಿನ ಗ್ಯಾರೇಜಿನವನು ಮುಚ್ಚಳ ತೆಗೆದು ನೋಡಿ ‘ಇದು ಗೊತ್ತು’ ಅನ್ನಬೇಕು. ಟೊಯೊಟಾ ಗ್ಲಾಂಜಾ ಅಂದರೆ ಮಾರುತಿಯ ಬಲೆನೋಗೇ ಬೇರೆ ಹೆಸರು ಹಾಕಿದ್ದು. ಅಂಥದ್ದು ತಂದರೂ ಅವನು ಬಿಚ್ಚಬಲ್ಲ. ಬ್ಯಾಡ್ಜ್ ನೋಡಬೇಡ, ಒಳಗಿರೋದು ಈ ಊರಿಗೆ ಗೊತ್ತಿದೆಯಾ ನೋಡು.

ಕಿರಿಯ: ಇದೇ ಮಾತನ್ನ ಎಲ್ಲರೂ ಆಡಿದರೆ ಎಲ್ಲರೂ ಕೊಂಡದ್ದನ್ನೇ ಎಲ್ಲರೂ ಕೊಳ್ತಾರೆ, ಕಂಪನಿಯವನು ಏನೂ ಬದಲಾಯಿಸಬೇಕಾಗಿಲ್ಲ. ಗ್ಲೋಬಲ್ ಎನ್‌ಕ್ಯಾಪ್‌ನವರು 2023ರಲ್ಲಿ ಗುದ್ದಿಸಿ ನೋಡಿದಾಗ ನಮ್ಮ ಕಡೆ ಬೀದಿಗೊಂದು ಇರೋ ವ್ಯಾಗನ್ ಆರ್‌ಗೆ ದೊಡ್ಡವರ ರಕ್ಷಣೆಯಲ್ಲಿ ಸಿಕ್ಕಿದ್ದು ಐದಕ್ಕೆ ಒಂದು ಸ್ಟಾರ್, ಆಲ್ಟೊ ಕೆ10ಗೆ ಎರಡು. ಟಾಟಾ ನೆಕ್ಸಾನ್ 2018ರಲ್ಲೇ ಐದು ತೆಗೆದುಕೊಂಡಿತ್ತು, ಪಂಚ್ 2021ರಲ್ಲಿ. ಊರಿನ ಮೆಕ್ಯಾನಿಕ್ಕಿಗೆ ಗೊತ್ತಿಲ್ಲ ಅಂತ ಎಲ್ಲರೂ ಅವನ್ನ ಬಿಟ್ಟಿದ್ದರೆ ಸ್ಟಾರಿನ ಮಾತೇ ಯಾರೂ ಎತ್ತುತ್ತಿರಲಿಲ್ಲ. ಜನ ಕೇಳೋಕೆ ಶುರು ಮಾಡಿದ ಮೇಲೇ ಸರ್ಕಾರದ ಭಾರತ್ ಎನ್‌ಕ್ಯಾಪ್ 2023ರ ಅಕ್ಟೋಬರಿನಿಂದ ಜಾರಿಗೆ ಬಂತು, ಮಾರುತಿಯ ಹೊಸ ಡಿಸೈರ್ 2024ರಲ್ಲಿ ಐದು ಸ್ಟಾರ್ ಪಡೆಯಿತು, 2025ರಲ್ಲಿ ವ್ಯಾಗನ್ ಆರ್, ಆಲ್ಟೊಗೂ ಆರು ಏರ್‌ಬ್ಯಾಗ್ ಬಂತು. ನೀವು ಹೇಳೋ ಊರಿಗೆ ಗೊತ್ತಿರೋ ಗಾಡಿ ಈಗ ಇಷ್ಟು ಸುಧಾರಿಸಿದೆ ಅಂದರೆ, ನಿಮ್ಮ ಮಾತು ಕೇಳದೆ ಬೇರೆ ಗಾಡಿ ಕೊಂಡವರಿಂದ. ಆ ಸುಧಾರಣೆಯೂ ಸಿಗೋದು ಹೊಸ ಗಾಡಿಯಲ್ಲೇ. ನೀವು ತರಬೇಕೆಂದಿರೋ 2023ರದ್ದರಲ್ಲಿ ಅಲ್ಲ.

ಹಿರಿಯರು: ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಅರ್ಧ ಉತ್ತರ ಹೇಳ್ತೀನಿ. ಆ ಪರೀಕ್ಷೆಯಲ್ಲಿ ಗೊಂಬೆಗಳಿಗೆ ಬೆಲ್ಟ್ ಹಾಕಿ, 64 ಕಿ.ಮೀ. ವೇಗದಲ್ಲಿ ಮುಂದಿನಿಂದ ಗುದ್ದಿಸ್ತಾರೆ. ಏರ್‌ಬ್ಯಾಗ್ ಬೆಲ್ಟಿನ ಜತೆಗೆ ಕೆಲಸ ಮಾಡೋದು, ಬೆಲ್ಟಿನ ಬದಲಿಗೆ ಅಲ್ಲ. ನಮ್ಮಲ್ಲಿ ಮದುವೆಗೆ ಹೊರಟರೆ ಐದು ಸೀಟಿಗೆ ಎಂಟು ಜನ, ಮುಂದೆ ತೊಡೆ ಮೇಲೊಂದು ಮಗು. ಬೆಲ್ಟಿನ ಕೊಂಡಿಗೆ ಸುಳ್ಳು ಬೀಗ ಸಿಕ್ಕಿಸಿ ಕೂಗೋ ಅಲಾರಮ್ಮಿನ ಬಾಯಿ ಮುಚ್ಚಿಸೋರೂ ಇದಾರೆ. ಹಿಂದೆ ಕೂರೋರಿಗೂ ಬೆಲ್ಟ್ ಕಡ್ಡಾಯ ಅಂತ ಕಾನೂನು ಇದ್ದರೂ ಹಿಂದಿನ ಬೆಲ್ಟ್ ಸೀಟಿನ ಸಂದಿಯಲ್ಲೇ ಕೊಳೀತಿರುತ್ತೆ. ಐದು ಸ್ಟಾರಿಗೆ ದುಡ್ಡು ಕೊಟ್ಟು ಬೆಲ್ಟ್ ಹಾಕದವನು ಕೊಟ್ಟ ದುಡ್ಡು ದಂಡ. ಮೊದಲು ಆ ಅಭ್ಯಾಸ ಬರಲಿ.

ಕಿರಿಯ: ಅಭ್ಯಾಸ ಬರಲಿ, ಗಟ್ಟಿ ಗಾಡಿಯೂ ಇರಲಿ. ಒಂದರ ಹೆಸರಲ್ಲಿ ಇನ್ನೊಂದನ್ನ ತಳ್ಳಬೇಡಿ.

ಇಲ್ಲಿ ಒಂದು ಮಾತು ಸ್ಪಷ್ಟವಾಗಬೇಕು. ಹಿರಿಯರ ಲೆಕ್ಕಕ್ಕೆ ಸಿಗುವುದು ಪ್ರತಿವರ್ಷ ಆಗುವ ಖರ್ಚು ಮಾತ್ರ. ಹತ್ತು ವರ್ಷದಲ್ಲಿ ಆಗದೆಯೂ ಇರಬಹುದಾದ, ಆದರೆ ಒಮ್ಮೆ ಸಂಭವಿಸಿದರೆ ಮನೆಯನ್ನೇ ಅಲ್ಲಾಡಿಸುವ ಅಪಘಾತ ಆ ಭಾಗಾಕಾರದಲ್ಲಿ ಬರುವುದಿಲ್ಲ. ಕಿರಿಯನ ವಾದಕ್ಕೆ ಬಲ ಬರುವುದು ಅಲ್ಲಿಂದ. ಹಾಗೆಂದು ಆ ಬಲವನ್ನು ಸನ್‌ರೂಫಿಗೂ ದೊಡ್ಡ ಟಚ್‌ಸ್ಕ್ರೀನಿಗೂ ವರ್ಗಾಯಿಸುವಂತಿಲ್ಲ. ಹೆಚ್ಚಿನ ಮಾದರಿಗಳಲ್ಲಿ ಕೆಳಗಿನ ವೇರಿಯಂಟಿಗೂ ಮೇಲಿನದಕ್ಕೂ ಎಂಜಿನ್ ಒಂದೇ; ಮೇಲೇರುತ್ತ ಸೇರಿಕೊಳ್ಳುವುದರಲ್ಲಿ ಬಹುಪಾಲು ಅಲಂಕಾರ. ರಕ್ಷಣೆಗೆ ಕೊಡುವ ದುಡ್ಡು ಬೇರೆ, ಶೋಕಿಗೆ ಕೊಡುವುದು ಬೇರೆ ಎಂಬಲ್ಲಿ ಇಬ್ಬರಿಗೂ ಜಗಳವಿಲ್ಲ. ಮಾತು ಮುಂದೆ ಇಂಧನಕ್ಕೆ ಹೊರಳಿತು.

ಕಿರಿಯ: ಡೀಸೆಲ್ ಅಂತ ಹೇಳೋರೂ ಇದಾರೆ. ಎಳೆತ ಚೆನ್ನಾಗಿರುತ್ತೆ, ಘಾಟಿಗೆ ಒಳ್ಳೇದು ಅಂತ.

ಹಿರಿಯರು: ಪೆಟ್ರೋಲಿಗಿಂತ ಒಂದು ಲಕ್ಷ ಜಾಸ್ತಿ ಅಂದುಕೊಂಡರೆ, ಕಿಲೋಮೀಟರಿಗೆ ಉಳಿಯೋದು ಎರಡು ರೂಪಾಯಿಯೊಳಗೆ. ಐವತ್ತು ಸಾವಿರ ಕಿಲೋಮೀಟರ್ ದಾಟಿದ ಮೇಲೇ ಅಸಲು ಬರುತ್ತೆ. ನಮಗದು ಆರೂವರೆ ವರ್ಷ. ಅದರ ಮೇಲೆ 2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಡೀಸೆಲಿನಲ್ಲಿ ಹೊಗೆಯ ಮಸಿ ಹಿಡಿಯೋ ಡಿಪಿಎಫ್ ಅನ್ನೋ ಜಾಲರಿ ಇರುತ್ತೆ. ಹೆದ್ದಾರಿಯಲ್ಲಿ ಒಂದಷ್ಟು ಹೊತ್ತು ಒಂದೇ ವೇಗದಲ್ಲಿ ಓಡಿದರೆ ಮಸಿ ಸುಟ್ಟು ಹೋಗುತ್ತೆ. ಡೇರಿಗೆ, ಸೊಸೈಟಿಗೆ, ಹಳೇಬೀಡಿಗೆ ಅಂತ ಚೂರುಚೂರು ಓಡಿಸಿದರೆ ಕಟ್ಟಿಕೊಳ್ಳುತ್ತೆ. ನಮ್ಮ ಓಡಾಟಕ್ಕೆ ಅದು ಬೇಡ.

ಕಿರಿಯ: ಚೂರುಚೂರು ಓಡಾಟಕ್ಕೆ ಹೇಳಿ ಮಾಡಿಸಿದ್ದು ಕರೆಂಟ್ ಗಾಡಿ. ಜಿಎಸ್‌ಟಿ ಐದೇ ಪರ್ಸೆಂಟ್. ಟಾಟಾ ಟಿಯಾಗೊ ಇವಿಯಂಥ ಚಿಕ್ಕದು ಒಂದು ಯೂನಿಟ್ಟಿಗೆ ಏಳು ಕಿಲೋಮೀಟರ್ ಹೋಗುತ್ತೆ ಅಂದರೂ ಕಿಲೋಮೀಟರಿಗೆ ಒಂದು ರೂಪಾಯಿ ಆಸುಪಾಸು. ಪೆಟ್ರೋಲಿಗೆ ಆರೂವರೆ. ವರ್ಷಕ್ಕೆ ನಲವತ್ತು ಸಾವಿರ ಉಳೀತು. ಬ್ಯಾಟರಿಗೆ 8 ವರ್ಷ ವಾರಂಟಿ. ಮನೆ ಅಂಗಳದಲ್ಲೇ 15 ಆಂಪ್ಸ್ ಪಾಯಿಂಟಿಗೆ ಸಿಕ್ಕಿಸಿ ಮಲಗಿದರೆ ಬೆಳಗಾಗೋ ಹೊತ್ತಿಗೆ ತುಂಬಿರುತ್ತೆ. ಬೆಂಗಳೂರಿನ ಅಪಾರ್ಟ್‌ಮೆಂಟಿನವರಿಗೆ ಈ ಅನುಕೂಲ ಇಲ್ಲ, ಹಳ್ಳಿ ಮನೆಗೆ ಇದೆ.

ಹಿರಿಯರು: ಓಡಿಸೋ ಖರ್ಚಿನಲ್ಲಿ ನೀನು ಗೆದ್ದೆ. ಆದರೆ ಎಂಟು ಸಾವಿರ ಕಿಲೋಮೀಟರಿಗೆ ತಿಂಗಳಿಗೆ ತೊಂಬತ್ತೈದು, ನೂರು ಯೂನಿಟ್ ಬೇಕು. ಗೃಹಜ್ಯೋತಿಯಲ್ಲಿ ಉಚಿತ ಕರೆಂಟು ಸಿಗೋದು ನಮ್ಮ ಹಿಂದಿನ ಸರಾಸರಿ ಬಳಕೆ, ಅದರ ಮೇಲೆ ಹತ್ತು ಪರ್ಸೆಂಟು. ಹೆಚ್ಚಾದದ್ದಕ್ಕೆ ಕಟ್ಟಬೇಕು, ಇನ್ನೂರು ದಾಟಿದರೆ ಪೂರ್ತಿ ಬಿಲ್ಲು ನಮ್ಮದೇ. ಅದು ಲೆಕ್ಕದಲ್ಲಿ ಇರಲಿ. ಇನ್ನು ಮಳೆಗಾಲದಲ್ಲಿ ಮರ ಬಿದ್ದು ಲೈನು ಹೋದರೆ ಬಂದಾಗಲೇ ಬಂತು. ಮನೆಗೊಂದೇ ಗಾಡಿ, ರಾತ್ರಿ ಆಸ್ಪತ್ರೆಗೆ ಓಡಬೇಕಾದಾಗ ಚಾರ್ಜ್ ಇಲ್ಲ ಅಂದರೆ ಆಗುತ್ತಾ? ಚಿಕ್ಕ ಬ್ಯಾಟರಿಯವು ದಾರಿಯಲ್ಲಿ ಚಾರ್ಜಿಗೆ ನಿಲ್ಲದೆ ಬೆಂಗಳೂರು ಮುಟ್ಟೋದು ಕಷ್ಟ. ಹಳೇದು ಮಾರೋಕೆ ಹೋದರೆ ಬ್ಯಾಟರಿ ಎಷ್ಟು ಉಳಿದಿದೆ ಅಂತ ಕೇಳ್ತಾರೆ, ನಮ್ಮ ಸಂತೆಯಲ್ಲಿ ಅದಕ್ಕೆ ಬೆಲೆ ಕಟ್ಟೋರು ಇನ್ನೂ ಕಮ್ಮಿ. ಎರಡನೇ ಗಾಡಿಯಾಗಿ ಬರಲಿ. ಇರೋ ಒಂದೇ ಗಾಡಿ ಅದಾಗಲಿ ಅನ್ನೋಕೆ ನನಗೆ ಧೈರ್ಯ ಬರಲ್ಲ.

ಕಿರಿಯ: ಐದು ವರ್ಷ ಬಿಟ್ಟು ಈ ಮಾತನ್ನ ನೀವೇ ತಿದ್ದಿಕೊಳ್ತೀರಿ.

ಹಿರಿಯರು: ತಿದ್ದಿಕೊಳ್ಳಬಹುದು. ಕೊಳ್ತಿರೋದು ಇವತ್ತು. ಅದಿರಲಿ, ಮೂಲಕ್ಕೇ ಒಂದು ಪ್ರಶ್ನೆ ಹಾಕ್ತೀನಿ. ಕಿಲೋಮೀಟರಿಗೆ ಹದಿನಾರು, ಹದಿನೆಂಟು ಅಂದರೆ ಬಾಡಿಗೆ ಕಾರಿನ ರೇಟೇ ಆಯ್ತಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಮನೆ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ. ನಮಗೆ ಕಾರು ಬೇಕಾ?

ಕಿರಿಯ: ರಾತ್ರಿ ಎರಡು ಗಂಟೆಗೆ ಅಜ್ಜಿಗೆ ಎದೆನೋವು ಬಂದರೆ ಬಸ್ಸೂ ಇಲ್ಲ, ಬಾಡಿಗೆಯವನು ಫೋನ್ ಎತ್ತೋ ಗ್ಯಾರಂಟಿಯೂ ಇಲ್ಲ. ಆ ಒಂದು ರಾತ್ರಿಗೆ ಕಾರು ಬೇಕು. ಖರ್ಚು ಇಳಿಸಬೇಕಾದರೆ ದಾರಿ ಹುಡುಕೋಣ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡಿನ ದೇವಸ್ಥಾನಗಳು ಯುನೆಸ್ಕೊ ಪಟ್ಟಿಗೆ ಸೇರಿವೆ, ಬಿಡುವಿದ್ದಾಗ ಪ್ರವಾಸಿಗರಿಗೆ ಬಿಟ್ಟರೂ ಆಗುತ್ತೆ.

ಹಿರಿಯರು: ಬಿಳಿ ಬೋರ್ಡಿನಲ್ಲಿ ಬಾಡಿಗೆ ಹೊಡೆಯೋದು ಕಾನೂನಿಗೆ ವಿರುದ್ಧ, ಅಪಘಾತವಾದರೆ ಇನ್ಶೂರೆನ್ಸ್ ಕೈ ಎತ್ತಬಹುದು. ಆ ಮಾತು ಬಿಡು. ಖರ್ಚು ಇಳಿಸೋ ನಿಜವಾದ ದಾರಿ ಸಾಲದ ಅವಧಿ. 6 ಲಕ್ಷಕ್ಕೆ 9% ಬಡ್ಡಿಯಲ್ಲಿ ಐದು ವರ್ಷಕ್ಕೆ ಕಂತು 12,455, ಬಡ್ಡಿ ಒಟ್ಟು 1.47 ಲಕ್ಷ. ಏಳು ವರ್ಷಕ್ಕೆ ಎಳೆದರೆ ಕಂತು 9,653ಕ್ಕೆ ಇಳಿದು ಹಗುರ ಅನ್ನಿಸುತ್ತೆ, ಆದರೆ ಬಡ್ಡಿ 2.11 ಲಕ್ಷ. ಅರವತ್ತನಾಲ್ಕು ಸಾವಿರ ಸುಮ್ಮನೆ ಹೋಯ್ತು. ಬೆಳೆ ದುಡ್ಡು ವರ್ಷಕ್ಕೆ ಒಂದೋ ಎರಡೋ ಸಲ ಬರುತ್ತೆ, ಕಂತು ಮಾತ್ರ ತಿಂಗಳು ತಿಂಗಳು. ಒಂದು ಬೆಳೆ ಕೈ ಕೊಟ್ಟರೂ ಕಟ್ಟೋ ಹಾಗಿರಬೇಕು. ಅದಕ್ಕೇ ಐದು ಲಕ್ಷದ ಗಾಡಿ ಕೈ ಕಾಸಿನಲ್ಲಿ ಮುಗೀಲಿ ಅನ್ನೋದು ನನ್ನ ಹಟ.

ಕಿರಿಯ: ಕಂತು ಕಟ್ಟೋನು ನಾನು, ನನಗೆ ತಿಂಗಳು ತಿಂಗಳು ಸಂಬಳ ಬರುತ್ತೆ. ನನ್ನ ಲೆಕ್ಕಕ್ಕೆ ಅದು ಬೇರೆ ಬೀಳುತ್ತೆ.

ಇಬ್ಬರ ಮಾತೂ ಇಲ್ಲಿಗೆ ನಿಂತಿತು, ತೀರ್ಮಾನ ಒಂದಾಗಲಿಲ್ಲ. ಆದರೆ ಶುರುವಿನಲ್ಲಿದ್ದ ದೂರ ಈಗಿಲ್ಲ. ಹಿರಿಯರು ಹಳೆಯ ಗಾಡಿಗೆ ಗೆರೆ ಎಳೆದಿದ್ದಾರೆ. ಕಿರಿಯ ಮೈಲೇಜ್, ಡೀಸೆಲ್ ಎರಡನ್ನೂ ಕೈಬಿಟ್ಟಿದ್ದಾನೆ. ಉಳಿದಿರುವುದು ಒಂದೇ ಪ್ರಶ್ನೆ: 2023ರ ಏಪ್ರಿಲ್ ನಂತರದ, ಕೈಕಾಸಿನಲ್ಲಿ ಬರುವ ಚಿಕ್ಕ ಪೆಟ್ರೋಲ್ ಗಾಡಿಯೋ, ಅದೇ ವರ್ಗದ, ಆರು ಏರ್‌ಬ್ಯಾಗಿನ ಹೊಸದೋ. ವರಮಾನ ಬೆಳೆಯದ್ದಾದರೆ ಮೊದಲನೆಯದಕ್ಕೆ ತೂಕ ಹೆಚ್ಚು, ತಿಂಗಳ ಸಂಬಳದ್ದಾದರೆ ಎರಡನೆಯದಕ್ಕೆ. ವರ್ಷಕ್ಕೆ ಇಪ್ಪತ್ತು ಸಾವಿರ ಕಿಲೋಮೀಟರ್ ಓಡುವ ಮನೆಗೆ ಈ ಉತ್ತರ ಹೊಂದುವುದಿಲ್ಲ. ಅಲ್ಲಿ ಡೀಸೆಲ್, ಕರೆಂಟು ಎರಡೂ ಮತ್ತೆ ಮಾತಿಗೆ ಬರುತ್ತವೆ.

ಕಾರು ಕೊಳ್ಳಲಿರುವವರು ಅಡ್ವಾನ್ಸ್ ಕೊಡುವ ಮುಂಚೆ ಒಂದು ಚೀಟಿಯಲ್ಲಿ ನಾಲ್ಕು ಉತ್ತರ ಬರೆದುಕೊಳ್ಳಿ: ವರ್ಷಕ್ಕೆ ಎಷ್ಟು ಕಿಲೋಮೀಟರ್, ಎಷ್ಟು ವರ್ಷ ಇಟ್ಟುಕೊಳ್ಳುತ್ತೀರಿ, ಸರ್ವಿಸ್ ಸೆಂಟರ್ ಎಷ್ಟು ದೂರ, ಕಂತು ಕಟ್ಟುವ ದುಡ್ಡು ಯಾವ ತಿಂಗಳು ಬರುತ್ತದೆ. ಹಳೆಯದು ಕೊಂಡರೆ ಫಾರಂ 29, 30 ಸಹಿ ಮಾಡಿಸಿ ಆರ್‌ಸಿಯಲ್ಲಿ ಹೆಸರು ಬದಲಾಗುವತನಕ ಪೂರ್ತಿ ದುಡ್ಡು ಕೊಡಬೇಡಿ. ಮಾರಿದವರೂ ಅಷ್ಟೇ, ಹೆಸರು ಬದಲಾಯಿತೇ ಎಂದು ನೋಡಿಕೊಳ್ಳಿ. ಅಪಘಾತವಾದರೆ ಪರಿಹಾರದ ಹೊಣೆ ಆರ್‌ಸಿಯಲ್ಲಿ ಹೆಸರಿರುವವನದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ.